ನಾನು ಓದಿ ಹೇಳಿದ ಪ್ರಾರ್ಥನೆಗಳು

ನಮ್ಮ ಮನೆಯಲ್ಲಿ ದೇವರಿಗೆ ಹೇಳುವ ಮಾತನ್ನು ಮೊದಲು ಬರೆದಿಡುವ ರೂಢಿ ಇತ್ತು. ಸಂಜೆ ಏಳೂವರೆಗೆ ಅವ್ವ ಗ್ಯಾಸ್ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಹಾಲ್‌ಗೆ ಬರುತ್ತಿದ್ದಳು. ಅಪ್ಪ ಟಿ.ವಿ. ಬಂದ್ ಮಾಡಿ, ಚಾಪೆ ಹಾಸಿ, ಗೋಡೆಗೆ ಒರಗದೆ ನೆಟ್ಟಗೆ ಕುಳಿತು, ಇವತ್ತು ಯಾರ ಸಲುವಾಗಿ ಎಂದು ಕೇಳುತ್ತಿದ್ದ. ಅವ್ವ ಒಂದೆರಡು ಹೆಸರು ಹೇಳುತ್ತಿದ್ದಳು, ಅಪ್ಪ ಒಂದೆರಡು. ನಾನು ಉದ್ದನೆಯ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ರಾಯಚೂರಿನ ಅಜ್ಜಿಯ ಮೊಣಕಾಲು, ಪಕ್ಕದ ಓಣಿಯ ಟೇಲರನ ಮಗಳ ಹೆರಿಗೆ, ಅಪ್ಪನ ಜೊತೆ ಕೆಲಸ ಮಾಡುವವರೊಬ್ಬರ ಕುಡಿತ. ಬರೆದಾದ ಮೇಲೆ ನಾನೇ ಗಟ್ಟಿಯಾಗಿ ಓದಬೇಕು. ಒಂದೊಂದು ಹೆಸರಿಗೂ ಅಪ್ಪ ಕಣ್ಣು ಮುಚ್ಚಿ ಬೇಡಿಕೊಳ್ಳುತ್ತಿದ್ದ. ಬರೆಯುವುದಕ್ಕೆ ಅವನದೇ ನಿಯಮಗಳಿದ್ದವು. ಹೆಸರು ಪೂರ್ತಿ ಇರಬೇಕು. ಊರು ಇರಬೇಕು. ಕಷ್ಟವೇನೆಂದು ಬಿಡಿಸಿ ಬರೆದಿರಬೇಕು. ಹುಷಾರಿಲ್ಲ ಎಂದಷ್ಟೇ ಬರೆದರೆ, ಏನು ಹುಷಾರಿಲ್ಲ, ಎಷ್ಟು ದಿನದಿಂದ ಎಂದು ವಿಚಾರಿಸಿ ಮತ್ತೆ ಬರೆಸುತ್ತಿದ್ದ.

“ಅವನಿಗೆ ಎಲ್ಲಾ ಗೊತ್ತೈತಿ ಅಲ್ಲೇನಪ್ಪಾ? ಮತ್ಯಾಕ ಬರೀಬೇಕು?” ಎಂದು ನಾನೊಮ್ಮೆ ಕೇಳಿದ್ದೆ.

“ಅವನಿಗೆ ಗೊತ್ತೈತಿ. ಮರಿಯೋರು ನಾವು. ಏನೂ ಮುಚ್ಚಿಡಬ್ಯಾಡ, ಪೂರ್ತಿ ಬರಿ.”

ನನಗೆ ಆಗ ಹನ್ನೆರಡು ವರ್ಷ. ಮುಂದೆ ಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಸೇರಿದಾಗ, ಹೆಸರು, ಊರು, ನಡೆದದ್ದು ಎಂಬ ಕ್ರಮವನ್ನು ನನಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಲಿಲ್ಲ.

ಸಿಕಂದರಾಬಾದಿನ ಹತ್ತಿರದ ಕುಷಾಯಿಗೂಡದ ಆ ಮನೆ ದೊಡ್ಡದಲ್ಲ. ಮುಂದೆ ಹಾಲ್, ಅದರಾಚೆ ಅಡಿಗೆಮನೆ, ಹಿಂದೆ ನಾವು ಮೂವರೂ ಮಲಗುವ ಕೋಣೆ. ಹೊರಗಿನ ಮೆಟ್ಟಿಲು ಹತ್ತಿದರೆ ತಾರಸಿಯ ಮೇಲೆ ಸಿಮೆಂಟ್ ಶೀಟಿನ ಒಂದು ರೂಮು. ಹೊಸ್ತಿಲ ಒಳಗೆ ಕನ್ನಡ, ಹೊರಗೆ ಕಾಲಿಟ್ಟರೆ ತೆಲುಗು. ಅಪ್ಪ ಹತ್ತಿರದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಸೈನ್ಯಕ್ಕೆ ಹೋಗುವ ಪೆಟ್ಟಿಗೆಗಳು ತನ್ನ ಟೇಬಲ್ ದಾಟಿಯೇ ಹೋಗಬೇಕು ಎನ್ನುತ್ತಿದ್ದ. ಅವುಗಳೊಳಗೆ ಏನಿರುತ್ತದೆ ಎಂದು ಮಾತ್ರ ಅವ್ವನಿಗೂ ಹೇಳಿದವನಲ್ಲ. ಅವನಿಗೆ ಎರಡು ಹೆಸರು. ಚರ್ಚಿನಲ್ಲಿ ಪ್ರಭುದಾಸ, ಕಾರ್ಖಾನೆಯ ಕಾಗದದಲ್ಲಿ ಬರೀ ಪ್ರಭು. ನಮ್ಮ ಅಜ್ಜ ಊರ ಹೊರಗಿನ ಕೇರಿಯವನು, ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತನಾದವನು. ಮಗನನ್ನು ಶಾಲೆಗೆ ಸೇರಿಸಿದಾಗ ಮೇಷ್ಟ್ರು ಹಿಂದೂ ಎಂದೂ, ಮುಂದೆ ಕೇರಿಯ ಹಳೆಯ ಜಾತಿಯನ್ನೂ ಬರೆದುಕೊಂಡರು. ಆ ಒಂದು ಕಾಗದದಿಂದ ಅಪ್ಪನಿಗೆ ಸ್ಕಾಲರ್‌ಶಿಪ್ ಬಂತು, ಐ.ಟಿ.ಐ. ಸೀಟು ಬಂತು, ಕೊನೆಗೆ ಮೀಸಲು ಹುದ್ದೆ ಬಂತು. ಕೇರಿಯವನು ಕ್ರೈಸ್ತನಾದರೆ ಕಾನೂನಿನಲ್ಲಿ ಆ ಮೀಸಲಾತಿ ಅವನಿಗಿಲ್ಲ. ಕೇರಿ ಮಾತ್ರ ಅವನನ್ನು ಬಿಡುವುದಿಲ್ಲ. ಹೀಗಾಗಿ ಕಾರ್ಖಾನೆಯವರು ಯಾರಾದರೂ ಮನೆಗೆ ಬರುತ್ತಾರೆಂದರೆ ಗೋಡೆಯ ಮೇಲಿನ ಬೈಬಲ್ ವಚನದ ಕ್ಯಾಲೆಂಡರ್ ಕೆಳಗಿಳಿದು ಹಾಸಿಗೆಯ ಕೆಳಗೆ ಹೋಗುತ್ತಿತ್ತು. ಅವ್ವ ಅದನ್ನು ಇಳಿಸುತ್ತಿರಲಿಲ್ಲ. ಅಪ್ಪನೇ ಇಳಿಸಬೇಕು, ಅಪ್ಪನೇ ಮತ್ತೆ ಹಾಕಬೇಕು.

ಆ ವರ್ಷಗಳಲ್ಲಿ ಊರಿನ ಪಡುವಣ ತುದಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಲ್ಲಿ ಕೆಲಸ ಹಿಡಿಯಬೇಕೆಂದು ಬರುವ ಹುಡುಗರು ಅಮೀರ್‌ಪೇಟೆಯಲ್ಲಿ ಮೂರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡುತ್ತ, ಸಿಕ್ಕಿದಲ್ಲಿ ರೂಮು ಹಿಡಿಯುತ್ತಿದ್ದರು. ನಮ್ಮ ತಾರಸಿಯ ರೂಮಿಗೆ ಬಂದವನು ಯೂಸುಫ್, ಲಿಂಗಸೂಗೂರು ಕಡೆಯವನು, ಬಿ.ಎಸ್ಸಿ. ಮುಗಿಸಿದ್ದ. ಬಾಗಿಲಲ್ಲಿ ನಿಂತು ಕನ್ನಡದಲ್ಲಿ ರೂಮು ಐತೇನ್ರಿ ಎಂದು ಕೇಳಿದ್ದಕ್ಕೇ ಅವ್ವ ಅರ್ಧ ಒಪ್ಪಿಬಿಟ್ಟಿದ್ದಳು.

“ಏನು ಕಲಿಯಾಕತ್ತೀಯೋ ತಮ್ಮಾ?”

“ಜಾವಾ ರಿ, ಕಾಕಿ.”

“ಜಾವಾ ಅಂದ್ರ ಹಳೇ ಫಟ್‌ಫಟಿ ಅಲ್ಲೇನೋ? ಅದಕ್ಕ ಇಲ್ಲೀತನ ಬಂದೀ? ನಮ್ಮ ರಾಯಚೂರಾಗ ಮೆಕ್ಯಾನಿಕ್ ಇದ್ದಿಲ್ಲೇನು?”

ಮೊದಲ ತಿಂಗಳು ಊಟ ಹೊರಗೆ. ಆಮೇಲೆ ರಾತ್ರಿಯೂಟ ನಮ್ಮಲ್ಲೇ ಆಯಿತು. ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿಮೆಣಸಿನ ಖಾರ. ಯೂಸುಫ್ ನನ್ನನ್ನು ರೇಗಿಸುತ್ತಿದ್ದ: ನಿನ್ನ ಕನ್ನಡಕ್ಕೆ ತೆಲುಗು ಒಗ್ಗರಣೆ ಜಾಸ್ತಿಯಾಯಿತು ಎನ್ನುತ್ತಿದ್ದ. ರಟ್ಟಿನ ಮೇಲೆ ಕೀಬೋರ್ಡ್ ಬರೆದುಕೊಟ್ಟು, ನೋಡದೆ ಬೆರಳಾಡಿಸುವುದನ್ನು ಕಲಿಸಿದ. ಪ್ರಾರ್ಥನೆಯ ಹೊತ್ತಿಗೆ ಅವನು ಕೆಳಗಿದ್ದರೆ ಎದ್ದು ಹೋಗುತ್ತಿರಲಿಲ್ಲ; ಚಾಪೆಯ ಅಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದ. ಅಪ್ಪನಿಗೂ ಅವನೆಂದರೆ ಇಷ್ಟವಿತ್ತು. ಮಾದಾಪುರದ ಒಂದು ಕಂಪನಿಯಲ್ಲಿ ಅವನಿಗೆ ಕೆಲಸ ಸಿಕ್ಕಿದಾಗ, ಈತನನ್ನು ಬಲ್ಲೆ ಎಂದು ಊರಿನ ಒಬ್ಬ ನೌಕರಸ್ಥ ಸಹಿ ಹಾಕಬೇಕಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಸಹಿ ಮಾಡಿದ.

ಅದಕ್ಕೂ ಒಂದಿಷ್ಟು ವಾರ ಮೊದಲು, ಒಂದರ ಹಿಂದೆ ಒಂದು ಸಂಜೆ, ನೋಟುಬುಕ್ಕಿನ ಒಂದೇ ಹಾಳೆಯ ಎರಡು ಬದಿಯಲ್ಲಿ ಎರಡು ವಿಷಯ ಬರೆದೆ. ಮೊದಲ ದಿನದ್ದು ಅಪ್ಪನದು. ಕಾರ್ಖಾನೆಯಲ್ಲಿ ಹಳೆಯ ಜಾತಿ ಸರ್ಟಿಫಿಕೇಟುಗಳನ್ನು ಮತ್ತೆ ತೆಗೆದು ನೋಡುತ್ತಾರಂತೆ ಎಂಬ ಸುದ್ದಿ ಹಬ್ಬಿತ್ತು. ಅಪ್ಪ, “ಆಫೀಸಿನ ವಿಷಯ ಅಂತ ಬರಿ” ಎಂದ. ನಾನು, ಯಾವ ವಿಷಯ ಎಂದು ಕೇಳಿದೆ, ನಿಯಮ ಅವನದೇ. ಅವನು ಅವ್ವನ ಮುಖ ನೋಡಿದ. ಆಮೇಲೆ, ಸರಿ, ಪೂರ್ತಿ ಬರಿ ಎಂದ. ‘ಅಪ್ಪ ಕ್ರೈಸ್ತನೆಂಬುದೂ ಅವನ ಜಾತಿ ಸರ್ಟಿಫಿಕೇಟಿನ ವಿಷಯವೂ ಕಾರ್ಖಾನೆಯಲ್ಲಿ ಹೊರಬೀಳದಿರಲಿ’ ಎಂದು ಬರೆದೆ. ಮರುಸಂಜೆ ಯೂಸುಫ್ ಊಟ ಅರ್ಧಕ್ಕೆ ಬಿಟ್ಟು ಕುಳಿತಿದ್ದ. ಏನಾತೋ ಎಂದು ಅವ್ವ ಕೇಳಿದಳು.

“ನಮ್ಮಣ್ಣ ರಿ, ಕಾಕಿ. ಇಲ್ಯಾಸ್. ಮನಿ ಬಿಟ್ಟು ಆರು ತಿಂಗಳಾತು. ಫೋನಿಲ್ಲ, ಕಾಗದಿಲ್ಲ. ಹೋಗೋಕಿಂತ ಮೊದಲ ದರ್ಗಾದ ಕಡಿ ಯಾರೋ ಹೊಸ ಮಂದಿ ಜೋಡಿ ತಿರಗತಿದ್ದ. ಯಾರು ಏನು ಗೊತ್ತಿಲ್ಲ. ನಮ್ಮವ್ವ ದಿನಾ ಅಳ್ತಾಳ. ಓಣ್ಯಾಗ ಮಂದಿ ಒಂದಕ್ಕೆರಡು ಮಾಡ್ತಾರಂತ ಯಾರ ಮುಂದೂ ಬಾಯಿ ಬಿಟ್ಟಿಲ್ಲ.”

“ನಾವು ಬೇಡ್ಕೋತೀವಿ ತಗೋ. ಎಸ್ತರ್, ಬರಕೋ,” ಎಂದಳು ಅವ್ವ.

ನಾನು ಬರೆದುಕೊಂಡೆ. ಯೂಸುಫನ ಅಣ್ಣ ಇಲ್ಯಾಸ್, ಊರು, ಆರು ತಿಂಗಳು, ಹೊಸ ಮಂದಿಯ ಸಹವಾಸ, ಯಾರಿಗೂ ಹೇಳಿಲ್ಲ. ಅವನು ಹೇಳಿದ ಒಂದು ಮಾತನ್ನೂ ಬಿಡಲಿಲ್ಲ.

ಊರಿನಲ್ಲಿ ಬಾಂಬು ಸಿಡಿದದ್ದು ಅಪ್ಪನ ಸಹಿಯೂ ಆದ ಮೇಲೆ. ಜನ ಸತ್ತರು. ಸಂಜೆಯ ಪ್ರಾರ್ಥನೆ ಹೊತ್ತು ಮೀರಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು, ಅಪ್ಪ ಟಿ.ವಿ. ಮುಂದಿನಿಂದ ಏಳಲಿಲ್ಲ. ವಾರದೊಳಗೆ ಕಾಲೋನಿಯ ಸಂಘದವರು ಗೇಟಿಗೊಬ್ಬ ಕಾವಲುಗಾರನನ್ನಿಟ್ಟರು. ಬಾಡಿಗೆದಾರರ ಪಟ್ಟಿ ಮಾಡಿದರು. ಮನೆಮನೆಯ ಗೇಟಿನ ಮೇಲೆ ಬಾವುಟ ಬರೆಸಬೇಕೆಂದು ತೀರ್ಮಾನವಾಯಿತು. ಉಳಿದವರು ಪೇಂಟರನನ್ನು ಕರೆಸಿದರು. ಅಪ್ಪ ಭಾನುವಾರ ಚರ್ಚಿನಿಂದ ಬಂದವನೇ ಬನಿಯನ್ನಿನಲ್ಲಿ ಕುಳಿತು, ಸ್ಕೇಲು, ಕೈವಾರ ಹಿಡಿದು, ಚಕ್ರದ ಇಪ್ಪತ್ತನಾಲ್ಕು ಗೆರೆಗಳನ್ನೂ ತಾನೇ ಎಳೆದ. ಓಣಿಯಲ್ಲಿ ಎಲ್ಲಕ್ಕಿಂತ ಅಚ್ಚುಕಟ್ಟಾದ ಬಾವುಟ ನಮ್ಮದೇ. ಆ ಸಂಜೆ ಅಪ್ಪ ನೋಟುಬುಕ್ಕಿನಲ್ಲಿಲ್ಲದ ಒಂದು ಪ್ರಾರ್ಥನೆಯನ್ನು ಸೇರಿಸಿದ. ದೇಶದ ವೈರಿಗಳು ಬಯಲಿಗೆ ಬೀಳಲಿ, ಬೇರುಸಹಿತ ನಾಶವಾಗಲಿ. ಅವ್ವ ಆಮೆನ್ ಹೇಳಲಿಲ್ಲ.

“ಇದ್ಯಾರ ಪ್ರಾರ್ಥನಿ ರಿ? ವೈರಿ ಸಲುವಾಗಿ ಬೇಡ್ಕೋರಿ ಅಂದಾನ ಅವನು. ನಾಶ ಆಗ್ಲಿ ಅಂತ ಬೇಡ್ಕೋರಿ ಅಂದಿಲ್ಲ.”

“ಅದು ಮನಿ ಮಾತು. ದೇಶದ ಮಾತು ಬ್ಯಾರೆ.”

“ಹಂಗಾರ ಮನಿಗೊಮ್ಮೆ ದೇಶಕ್ಕೊಮ್ಮೆ ಅಂತ ಎರಡು ಸಲ ಸತ್ತಾನೇನು ಅವನು?”

“ನಿನಗ ತಿಳಿಯಂಗಿಲ್ಲ ಸಾರಾ. ಮೊದಲ ಯೂಸುಫನಂಥವರನ್ನ ಕೇಳ್ತಾರ. ಅವರು ಮುಗದ ಮ್ಯಾಲ ನಮ್ಮನ್ನ. ನಾವು ಯಾರ ಕಡಿ ಅನ್ನೋದು ಅಷ್ಟರಾಗ ಕಾಣಬೇಕು.”

ಮೊದಲು ಅವರು, ಆಮೇಲೆ ನಾವು ಎಂದು ಅಪ್ಪ ಹೇಳಿದ್ದರಲ್ಲಿ ತಪ್ಪು ಇರಲಿಲ್ಲ ಎಂದು ಇವತ್ತಿಗೂ ಅನಿಸುತ್ತದೆ. ಅದರಿಂದ ಅವನು ಕಂಡುಕೊಂಡ ದಾರಿಯ ಬಗ್ಗೆ ಮಾತ್ರ ನಾನು ಬರೆಯುತ್ತಿರುವುದು. ಯೂಸುಫನ ಊಟವನ್ನು ಇನ್ನು ಮೇಲಕ್ಕೇ ಕಳಿಸು, ಅವನು ಚಾಪೆಯ ಮೇಲೆ ಕೂರುವುದು ಬೇಡ ಎಂದ. ಅವ್ವ ತಟ್ಟೆಗೆ ಒಂದು ರೊಟ್ಟಿ ಹೆಚ್ಚು ಹಾಕಿ ನನ್ನ ಕೈಗೆ ಕೊಡುತ್ತಿದ್ದಳು. ಯೂಸುಫ್ ಒಮ್ಮೆ ತಟ್ಟೆ ತೆಗೆದುಕೊಳ್ಳುತ್ತ, ಕಾಕಾಗೆ ನನ್ನ ಮೇಲೆ ಸಿಟ್ಟೇನು ಎಂದ. ಇಲ್ಲ, ಹೆದರಿಕೆ ಎಂದೆ. ಅವನು ನಕ್ಕುಬಿಟ್ಟ.

“ನನಗ ಹೆದರ್ತಾರಂತೇನು? ನಾ ಇಲಿಗಿ ಹೆದರಿ ಲೈಟ್ ಹಚ್ಚಿ ಮಲಗ್ತೀನಿ. ಹೋಗಿ ಹೇಳು.”

ಅವನು ಸೋಮವಾರ ಕೆಲಸಕ್ಕೆ ಸೇರಬೇಕಿತ್ತು. ಅದರ ಹಿಂದಿನ ಶನಿವಾರ ಮಧ್ಯಾಹ್ನ ನಾಲ್ಕರ ಸುಮಾರಿಗೆ ಸಂಘದ ಅಧ್ಯಕ್ಷರು ಇಬ್ಬರನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಇಬ್ಬರೂ ಸಾದಾ ಬಟ್ಟೆಯ ಪೊಲೀಸರು. ವಯಸ್ಸಾದವರಿಗೆ ಕನ್ನಡಕವಿತ್ತು. ಅವರೇ ಮಾತಾಡುತ್ತಿದ್ದರು, ತೆಲುಗಿನಲ್ಲಿ, ಮೆತ್ತಗೆ. ಕ್ಯಾಲೆಂಡರ್ ಇಳಿಸಲು ಅಪ್ಪನಿಗೆ ಹೊತ್ತು ಸಿಗಲಿಲ್ಲ.

“ಪ್ರಭು ಗಾರು, ತಪ್ಪು ತಿಳಿಯಬೇಡಿ,” ಎಂದರು ಅಧ್ಯಕ್ಷರು. “ಯಾರೋ ಹೆಸರಿಲ್ಲದ ಕಾಗದ ಬರೆದಿದ್ದಾರೆ. ನಿಮ್ಮ ಮನೆಯಲ್ಲಿ ದಿನಾ ಸಂಜೆ ಜನ ಸೇರಿಸಿ ಮತಾಂತರ ಮಾಡುತ್ತೀರಂತೆ. ನಮಗೆ ಗೊತ್ತು, ನೀವು ಅಂಥವರಲ್ಲ. ಒಂದು ಮಾತು ಹೇಳಿಬಿಡಿ, ಮುಗಿದುಹೋಗುತ್ತದೆ.”

ಅಪ್ಪನ ಕುತ್ತಿಗೆಯಲ್ಲಿ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು. ಈ ಕಾಗದ ಕಾರ್ಖಾನೆಗೆ ಹೋದರೆ ಸರ್ಟಿಫಿಕೇಟು, ಸರ್ಟಿಫಿಕೇಟಿನ ಹಿಂದೆ ನೌಕರಿ. ಅವನು ಬೇರೆ ಏನು ಬೇಕಾದರೂ ಹೇಳಬಹುದಿತ್ತು. ಅವನಿಗೆ ಹೊಳೆದದ್ದು ಒಂದೇ. ಮುಚ್ಚಿಡುವುದು ಏನೂ ಇಲ್ಲ ಎಂದು ತೋರಿಸಲು ಕಪಾಟಿನಿಂದ ನೋಟುಬುಕ್ಕನ್ನು ತಂದು ಅವರ ಮುಂದಿಟ್ಟ. ಇಲ್ಲಿ ಮತಾಂತರವಿಲ್ಲ ಸಾರ್, ಕಷ್ಟದಲ್ಲಿರುವವರಿಗಾಗಿ ಬೇಡಿಕೊಳ್ಳುತ್ತೇವೆ, ಅಷ್ಟೆ, ನೀವೇ ನೋಡಿ ಎಂದ. ನಮ್ಮಂಥ ಮನೆಯವರು ಮಾತ್ರ ಮಾಡಬಹುದಾದ ತಪ್ಪು ಅದು. ಅಪ್ಪನ ಲೆಕ್ಕದಲ್ಲಿ ಅದಕ್ಕಿಂತ ನಿರಪರಾಧಿಯಾದ ವಸ್ತು ಮನೆಯಲ್ಲಿ ಇನ್ನೊಂದಿರಲಿಲ್ಲ. ಎರಡು ಕ್ಷಣದ ಮಟ್ಟಿಗೆ, ಅದರಲ್ಲಿ ತನ್ನದೇ ವಿಷಯ ಇರುವುದನ್ನೂ ಅವನು ಮರೆತಿದ್ದ.

ಕನ್ನಡಕದವರು ಪುಟ ತಿರುವಿದರು. ನಮ್ಮ ಲಿಪಿ ಅವರ ತೆಲುಗಿನ ಹತ್ತಿರದ್ದು. ಅಲ್ಲೊಂದು ಇಲ್ಲೊಂದು ಅಕ್ಷರ ಸಿಗುತ್ತಿತ್ತು, ಪೂರ್ತಿ ಅರ್ಥವಾಗುತ್ತಿರಲಿಲ್ಲ. ಇದನ್ನು ಬರೆದವರು ಯಾರು ಎಂದರು. ನನ್ನ ಮಗಳು ಎಂದ ಅಪ್ಪ. ಹಾಗಾದರೆ ಹುಡುಗಿಯೇ ಓದಿ ತೆಲುಗಿನಲ್ಲಿ ಹೇಳಲಿ ಎಂದರು. ನಾನು ಅವರ ಕುರ್ಚಿಯ ಪಕ್ಕದಲ್ಲಿ ನಿಂತು ಓದತೊಡಗಿದೆ. ಮೊಣಕಾಲು, ಹೆರಿಗೆ, ಕುಡಿತ. ಅಧ್ಯಕ್ಷರು ತಲೆಯಾಡಿಸುತ್ತಿದ್ದರು. ಅಪ್ಪನ ಪುಟ ಬಂತು. ಅವನು ಮೇಲೆ ನೋಡಿದ. ಅದು ಅವನಿಗೆ ಆಗ ನೆನಪಾಗಿತ್ತು. ನನಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಇದು ಅಜ್ಜಿಯದೇ, ಕಣ್ಣಿನ ಪೊರೆ ಎಂದೆ. ಅಜ್ಜಿಯ ಕಣ್ಣುಗಳು ಚೆನ್ನಾಗಿಯೇ ಇದ್ದವು. ಹಾಳೆ ತಿರುವಿದೆ.

ಹಿಂಬದಿಯ ಮೊದಲ ಸಾಲಿನ ಮೇಲೆ ಕನ್ನಡಕದವರ ಬೆರಳು ಬಂದು ನಿಂತಿತು. ಆ ಹೆಸರನ್ನು ಅವರು ತಾವೇ ಓದಿಕೊಂಡರು.

“ಯೂಸುಫ್. ಇವನು ಯಾರು?”

ಮೇಲಿನ ರೂಮಿನವನು ಎಂದು ಅಧ್ಯಕ್ಷರು ಹೇಳಿದರು. ಅವನಿಗೇನು ಕಷ್ಟ, ಓದಮ್ಮಾ ಎಂದರು ಕನ್ನಡಕದವರು. ನಾನು ಓದಲಿಲ್ಲ. ಪರೀಕ್ಷೆ ಪಾಸಾಗಲಿ ಎಂದು ಬರೆದಿದೆ ಎನ್ನಬಹುದಿತ್ತು. ಆ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಅಪ್ಪನ ಮುಖ ನೋಡಿದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವನೂ ಅವನನ್ನೇ ನೋಡುತ್ತಿದ್ದಳು. ಅಪ್ಪ ನನ್ನನ್ನು ನೋಡಲಿಲ್ಲ. ನೋಟುಬುಕ್ಕನ್ನು ನೋಡಿದ.

“ಓದು,” ಎಂದ.

ನಾನು ಓದಿದೆ. ಹೆಸರು, ಊರು, ಆರು ತಿಂಗಳು, ಹೊಸ ಮಂದಿ, ಯಾರಿಗೂ ಹೇಳಿಲ್ಲ. ತೆಲುಗಿಗೆ ತಿರುಗಿಸುವಾಗ ಏನೂ ತಪ್ಪಲಿಲ್ಲ. ಇನ್ನೊಬ್ಬ ಪೊಲೀಸ ಜೇಬಿನಿಂದ ಒಂದು ಡೈರಿ ತೆಗೆದು ಬರೆದುಕೊಳ್ಳುತ್ತಿದ್ದ. ಅವನಿಗಾಗಿ ಒಂದು ಸಾಲನ್ನು ಮತ್ತೊಮ್ಮೆ ನಿಧಾನವಾಗಿ ಹೇಳಿದೆ. ಮತಾಂತರದ ವಿಷಯ ಆಮೇಲೆ ಬರಲೇ ಇಲ್ಲ.

ಯೂಸುಫ್ ಮೇಲಿನ ರೂಮಿನಲ್ಲಿ ಸೋಮವಾರಕ್ಕೆಂದು ಅಂಗಿ ಇಸ್ತ್ರಿ ಮಾಡುತ್ತಿದ್ದ. ಹತ್ತು ನಿಮಿಷದಲ್ಲಿ ಅವರಿಬ್ಬರ ನಡುವೆ ಮೆಟ್ಟಿಲಿಳಿದು ಬಂದ. ಕಾಲಿಗೆ ಚಪ್ಪಲಿ ಇರಲಿಲ್ಲ.

“ಕಾಕಾ, ನೀವಾರ ಹೇಳ್ರಲ್ಲ ಇವರಿಗೆ. ಏನೋ ತಪ್ಪಾಗೈತ್ರಿ.”

ಅಪ್ಪ ತೆಲುಗಿನಲ್ಲಿ ಉತ್ತರ ಕೊಟ್ಟ, ಅವನಿಗಲ್ಲ, ಕನ್ನಡಕದವರಿಗೆ. ಬಾಡಿಗೆಗೆ ಇದ್ದಾನೆ ಸಾರ್, ಅದಕ್ಕಿಂತ ಹೆಚ್ಚು ನನಗೆ ತಿಳಿಯದು. ಅವ್ವ ಅಡಿಗೆಮನೆಯಿಂದ ಓಡಿ ಬಂದು ಯೂಸುಫನ ಚಪ್ಪಲಿಯನ್ನು ಅವನ ಕಾಲ ಮುಂದೆ ಇಟ್ಟಳು. ಜೀಪು ಓಣಿ ದಾಟಿದ ಮೇಲೆ ಅಪ್ಪನ ಕಡೆ ತಿರುಗಿದಳು.

“ತನ್ನ ಗುರುನ್ನ ಹಿಡದಾಗ ಪೇತ್ರನೂ ಬೆಂಕಿ ಕಾಸಿಕೊಂತ ನಿಂತು, ಅವನ್ಯಾರೋ ನನಗ ಗೊತ್ತಿಲ್ಲ ಅಂದಿದ್ದ. ಅವನಿಗೆ ಕೋಳಿ ಕೂಗಿದ ಮ್ಯಾಲ ಅಳು ಆದ್ರೂ ಬಂತು.”

ಸೋಮವಾರ ಕಂಪನಿಯವರು ಫೋನ್ ಮಾಡಿದರು. ಅಪ್ಪ ಸಹಿ ಮಾಡಿದ್ದ ಕಾಗದದಲ್ಲಿ ನಮ್ಮ ನಂಬರಿತ್ತು. ಯೂಸುಫ್ ಇನ್ನೂ ಬಂದಿಲ್ಲವಲ್ಲ ಎಂದು ವಿಚಾರಿಸಿದರು. ಅವನು ಈಗ ಇಲ್ಲಿ ಇಲ್ಲ ಎಂದ ಅಪ್ಪ. ಆ ಮಾತಿನಲ್ಲಿ ಸುಳ್ಳು ಇರಲಿಲ್ಲ.

ಆ ವಾರ ಅವ್ವ ಮೂರು ಹೊತ್ತೂ ಅಡಿಗೆ ಮಾಡಿದಳು, ಬಡಿಸಿದಳು, ತಾನು ಅಡಿಗೆಮನೆಯಲ್ಲಿ ಕುಳಿತು ಉಂಡಳು. ಸಂಜೆ ಚಾಪೆ ಹಾಸಿದರೆ ಬಂದು ಕೂರುತ್ತಿದ್ದಳು, ಹೆಸರು ಮಾತ್ರ ಹೇಳುತ್ತಿರಲಿಲ್ಲ. ಮುಂದಿನ ಭಾನುವಾರ ತಿಂಗಳ ಮೊದಲನೆಯದು, ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ದಿನ. ಸಿಕಂದರಾಬಾದಿನ ಆ ಚರ್ಚಿನಲ್ಲಿ ತೆಲುಗಿನವರ ಆರಾಧನೆ ಮುಗಿದು ಅವರು ಹೊರಟ ಮೇಲೆ ಕನ್ನಡದವರ ಸರದಿ; ಬೆಂಚುಗಳು ಇನ್ನೂ ಬೆಚ್ಚಗಿರುತ್ತಿದ್ದವು. ಪಾದ್ರಿಗಳು ಅಂದು ಆಳುವವರಿಗೆ ಅಧೀನರಾಗಿರಬೇಕೆಂದು ಪ್ರಸಂಗ ಮಾಡಿದರು. ಕಾಲ ಸರಿಯಿಲ್ಲ, ಮಾತಿನಲ್ಲಿ ಎಚ್ಚರ ಇರಲಿ, ನಾವು ಈ ದೇಶದ ಒಳ್ಳೆಯ ಪ್ರಜೆಗಳೆಂದು ಕಾಣಿಸಲಿ ಎಂದರು. ಅವರ ದನಿಯಲ್ಲೂ ಅಪ್ಪನ ದನಿಯಲ್ಲಿದ್ದ ಹೆದರಿಕೆಯೇ ಇತ್ತು. ಆಮೇಲೆ ಎಂದಿನಂತೆ, ಪಾಪಕ್ಕಾಗಿ ದುಃಖಪಡುವವರು, ನೆರೆಯವರೊಂದಿಗೆ ಪ್ರೀತಿಯಿಂದಿರುವವರು ಹತ್ತಿರ ಬರಲಿ ಎಂದು ಕರೆದರು. ಸಾಲು ಸಾಲಾಗಿ ಎದ್ದರು. ಅಪ್ಪ ಎದ್ದ. ಅವ್ವ ಏಳಲಿಲ್ಲ. ಅವಳನ್ನು ದಾಟಿಕೊಂಡು ಹೋಗಬೇಕಾದ ಹೆಂಗಸರು ಮೊಣಕಾಲು ಸರಿಸು ಎಂಬಂತೆ ನೋಡಿದರು; ಅವಳು ಮೊಣಕಾಲು ಸರಿಸಿದಳು. ಅಪ್ಪ ಮುಂದೆ ಮಂಡಿಯೂರಿ ರೊಟ್ಟಿಯ ತುಂಡಿಗೆ ಕೈಯೊಡ್ಡಿದ್ದನ್ನು ನಾವಿಬ್ಬರೂ ಹಿಂದಿನಿಂದ ನೋಡಿದೆವು.

ಮನೆಗೆ ಬಂದ ಮೇಲೆ ಅಪ್ಪ ಸಿಡಿದ.

“ಮಂದಿ ಮುಂದ ನನ್ನ ಮರ್ಯಾದಿ ಕಳದಿ.”

“ನಾ ನನ್ನ ಸಲುವಾಗಿ ಕುಂತೆ. ನಾನೂ ಬಾಗಲದಾಗ ನಿಂತು ಬಾಯಿ ಮ್ಯಾಲೆ ಸೆರಗು ಹಿಡದವಳ.”

“ಹೇಳಿದ್ರ ಏನಾಗ್ತಿತ್ತು ಗೊತ್ತೈತೇನು? ನೌಕರಿ ಹೋಗ್ತಿತ್ತು. ಈ ಮನಿ, ಈ ಹುಡುಗಿ ಸಾಲಿ. ಮತ್ತ ಕೇರಿಗೇ ಹೋಗ್ತಿದ್ದಿ?”

“ಹೋಗ್ತಿದ್ದೆ,” ಎಂದಳು ಅವ್ವ. ಹೋಗುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ನಾವು ಯಾರೂ ಅದನ್ನು ಪರೀಕ್ಷಿಸಬೇಕಾಗಿ ಬರಲಿಲ್ಲ.

ಇಲ್ಯಾಸ್ ಸಿಕ್ಕಿದ್ದು ಮೂರನೆಯ ದಿನವೇ ಎಂದು ಆಮೇಲೆ ತಿಳಿಯಿತು. ಶಂಶಾಬಾದಿನಲ್ಲಿ ಹೊಸ ಏರ್‌ಪೋರ್ಟು ಕಟ್ಟುತ್ತಿದ್ದ ಕಡೆ, ಕೂಲಿಯವರ ತಗಡಿನ ಶೆಡ್ಡಿನಲ್ಲಿದ್ದ. ನಿಶ್ಚಯವಾಗಿದ್ದ ಮದುವೆ ಬೇಡವೆಂದು ತನ್ನ ತಂದೆಯ ಜೊತೆ ಜಗಳಾಡಿ, ಕೂಲಿಯವರನ್ನು ಒದಗಿಸುವ ಮೇಸ್ತ್ರಿಯ ಹಿಂದೆ ಬಂದವನು. ದರ್ಗಾದ ಬಳಿಯ ಹೊಸ ಮಂದಿ ಎಂದರೆ ಆ ಮೇಸ್ತ್ರಿ ಮತ್ತು ಅವನ ಕಡೆಯವರು. ಆರು ತಿಂಗಳು ತಮ್ಮನಿದ್ದ ಊರಿನ ಇನ್ನೊಂದು ತುದಿಯಲ್ಲೇ ಕಬ್ಬಿಣ ಕಟ್ಟುತ್ತಿದ್ದ. ಇಷ್ಟು ಖಚಿತವಾದ ಮೇಲೂ ಇಬ್ಬರನ್ನೂ ಇನ್ನೂ ಆರು ದಿನ ಇಟ್ಟುಕೊಂಡಿದ್ದರು. ಒಟ್ಟು ಒಂಬತ್ತು ದಿನ. ಯಾವ ಕೇಸೂ ಆಗಲಿಲ್ಲ. ಹೀಗಾಗಿ ಆ ಒಂಬತ್ತು ದಿನ ಯಾವ ಕಾಗದದಲ್ಲೂ ಇರಲಿಕ್ಕಿಲ್ಲ. ಸುದ್ದಿ ತಂದವರು ಸಂಘದ ಅಧ್ಯಕ್ಷರು. ಅವರು ಹೋದ ಮೇಲೆ ಅಪ್ಪನ ಮುಖ ಬಹಳ ದಿನದ ಮೇಲೆ ಸಡಿಲವಾಯಿತು.

“ನೋಡು ಸಾರಾ, ಅವನ ಅಣ್ಣ ಸಿಕ್ಕ. ನಾವು ಬೇಡಿದ್ದು ಅದೇ ಅಲ್ಲ?”

ಅವ್ವ ತೊಗರಿಬೇಳೆ ಆರಿಸುತ್ತಿದ್ದಳು. ಮೊರವನ್ನು ಕೆಳಗಿಟ್ಟು ಎದ್ದುಹೋದಳು. ಅಪ್ಪ ನನ್ನ ಕಡೆ ನೋಡಿದ. ನಾನೂ ಎದ್ದೆ.

ಮರುದಿನ ಮಧ್ಯಾಹ್ನ ಯೂಸುಫ್ ಸಾಮಾನು ತೆಗೆದುಕೊಂಡು ಹೋಗಲು ಬಂದ. ಗಡ್ಡ ಬೆಳೆದಿತ್ತು. ಬಲಗೈಯ ಬೆರಳುಗಳು ಊದಿಕೊಂಡಿದ್ದವು. ಟ್ರಂಕಿನ ಹಿಡಿ ಹಿಡಿಯಲಾಗದೆ ಎಡಗೈಯಲ್ಲಿ ಎಳೆದುಕೊಂಡು ಮೆಟ್ಟಿಲಿಳಿದ. ಊರಿಗೆ ಹೋಗುತ್ತೇನೆ, ಕಂಪನಿಯವರು ಆ ಜಾಗ ಬೇರೆಯವರಿಗೆ ಕೊಟ್ಟರಂತೆ ಎಂದ. ಅವ್ವ ಅವನ ಊದಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ಬಿಡ್ರಿ ಕಾಕಿ, ನೀವೇನು ಮಾಡೀರಿ ಎಂದು ಅವನೇ ಸಮಾಧಾನ ಹೇಳಿದ. ಅಪ್ಪ ಮೊದಲ ಪಾಳಿ ಮುಗಿಸಿ ಬಂದಿದ್ದ. ಯೂನಿಫಾರ್ಮಿನಲ್ಲೇ ನಿಂತಿದ್ದ.

“ಊಟ ಮಾಡಿ ಹೋಗಪ್ಪಾ.”

“ಹಸಿವಿಲ್ರಿ ಕಾಕಾ. ನಂದೊಂದು ಮಾತೈತಿ. ಆ ಪುಸ್ತಕದಾಗ ನಮ್ಮಣ್ಣನ ಹೆಸರು, ನನ್ನ ಹೆಸರು ಐತಲ್ಲ, ಅದನ್ನ ತಗದ ಬಿಡ್ರಿ. ನಮ್ಮ ಸಲುವಾಗಿ ಇನ್ನ ಬೇಡ್ಕೋಬ್ಯಾಡ್ರಿ.”

ಅಪ್ಪ ಒಳಗೆ ಹೋಗಿ ನೋಟುಬುಕ್ಕು ತಂದ. ಆ ಹಾಳೆಯನ್ನು ಹೊಲಿಗೆಯ ಹತ್ತಿರ ಹಿಡಿದು ಹರಿದು, ಮಡಚದೆ ಯೂಸುಫನ ಕೈಗೆ ಕೊಟ್ಟ. ಕೊಟ್ಟಾದ ಮೇಲೆ ಅವನಿಗೆ ಹಾಳೆಯ ಇನ್ನೊಂದು ಬದಿ ನೆನಪಾಯಿತು. ಮತ್ತೆ ಇಸಿದುಕೊಳ್ಳಲೆಂಬಂತೆ ಕೈ ಸ್ವಲ್ಪ ಮುಂದೆ ಬಂತು, ಗಾಳಿಯಲ್ಲೇ ನಿಂತಿತು. ಯೂಸುಫ್ ತನ್ನ ಪುಟ ಓದಿದ. ಆಮೇಲೆ ಹಾಳೆ ತಿರುವಿ ಹಿಂದಿನದನ್ನೂ ಓದಿದ. ನನ್ನ ಅಕ್ಷರ ದುಂಡಗೆ, ಸ್ಪಷ್ಟವಾಗಿತ್ತು, ಓದಲು ಕಷ್ಟವಿರಲಿಲ್ಲ. ಓದಿ ನನ್ನ ಕಡೆ ನೋಡಿದ, ಅಪ್ಪನ ಕಡೆ ಅಲ್ಲ.

“ಎಸ್ತರ್, ಇದನ್ನೂ ಓದಿ ಹೇಳಿದೇನು ಅವರಿಗೆ?”

“ಇಲ್ಲ,” ಎಂದೆ.

“ಬಿಟ್ಟೆ?”

“ಹೂಂ.”

ಅವನು ತಲೆಯಾಡಿಸಿದ. ಹಾಳೆಯನ್ನು ನಾಲ್ಕಾಗಿ ಮಡಚಿ ಎದೆಯ ಜೇಬಿನಲ್ಲಿಟ್ಟುಕೊಂಡ. ಟ್ರಂಕನ್ನು ಆಟೋದವನು ಎತ್ತಿಕೊಂಡ. ಬರ್ತೀನಿ ಎಂದು ಹೇಳದೆ ಗೇಟು ತೆಗೆದು ಹೋದ.

ಅವನು ಆಮೇಲೆ ಏನಾದನೆಂದು ನನಗೆ ತಿಳಿಯದು. ನಾನು ಹುಡುಕಿದ್ದೇನೆ, ಸಿಕ್ಕಿಲ್ಲ. ಅಪ್ಪ ಇನ್ನೂ ಹನ್ನೊಂದು ವರ್ಷ ಆ ಕಾರ್ಖಾನೆಯಲ್ಲಿ ದುಡಿದ. ಆ ಹನ್ನೊಂದು ವರ್ಷವೂ ಮನೆಗೆ ಕಂದುಬಣ್ಣದ ಲಕೋಟೆ ಬಂದರೆ ಅವನೇ ಒಡೆಯಬೇಕು, ಒಬ್ಬನೇ, ಹಿಂದಿನ ಕೋಣೆಯಲ್ಲಿ. ಯೂಸುಫನ ಹೆಸರನ್ನು ಅವನು ಎತ್ತಲಿಲ್ಲ. ಆ ಹುಡುಗನ ಕೈಯಲ್ಲಿ ತನ್ನ ಅನ್ನ ಇದೆ ಎಂಬುದನ್ನು ಒಂದು ದಿನವೂ ಮರೆಯಲಿಲ್ಲ ಎಂದು ಮಾತ್ರ ನಾನು ಖಚಿತವಾಗಿ ಹೇಳಬಲ್ಲೆ. ಅವನು ಹೆದರಿದ ಕಾಗದ ಬರಲಿಲ್ಲ. ನಿವೃತ್ತಿಯ ದಿನ ಕಾರ್ಖಾನೆಯವರು ಹಾರ ಹಾಕಿ, ಶಾಲು ಹೊದಿಸಿ, ದೇಶಕ್ಕಾಗಿ ದುಡಿದ ಪ್ರಾಮಾಣಿಕ ನೌಕರ ಎಂದು ಭಾಷಣ ಮಾಡಿ, ಜೀಪಿನಲ್ಲಿ ಮನೆಯವರೆಗೆ ಬಿಟ್ಟುಹೋದರು. ಅಪ್ಪ ಹಾರ ತೆಗೆಯದೆ ಹಾಲ್‌ನ ಕುರ್ಚಿಯ ಮೇಲೆ ಕುಳಿತ. ಅವ್ವ ನೀರು ತಂದು ಕೊಟ್ಟಳು. ಅವನು ಕುಡಿದು ಮುಗಿಸುವವರೆಗೆ ಎದುರಿಗೇ ನಿಂತು, ಖಾಲಿ ಲೋಟ ತೆಗೆದುಕೊಳ್ಳುತ್ತ ಹೇಳಿದಳು:

“ಆ ಹುಡುಗ ಯಾರಿಗೂ ಓದಿ ಹೇಳಲಿಲ್ಲ ನೋಡ್ರಿ.”